ಸುರಂಗದ ಕಾವಲುಗಾರ

“ಮಾವ, ಈ ಚಿಪ್ ಮೇಲೊಂದು ಕಪ್ಪು ಚೀಟಿ ಅಂಟಿಸಿತ್ತಲ್ಲ, ಎಲ್ಲಿ ಹೋಯ್ತು?”

“ಕಿತ್ತು ಹಾಕಿದೆ,” ಎಂದರು ಮಾವ ಹೆಮ್ಮೆಯಿಂದ. “ಅದರಡಿ ಪುಟ್ಟದೊಂದು ಗಾಜಿದೆ ನೋಡು. ಅಂಟೆಲ್ಲ ಮೆತ್ತಿಕೊಂಡು ಹೇಸಿಗೆಯಾಗಿತ್ತು. ಸ್ಪಿರಿಟ್ ಹಾಕಿ ಒರೆಸಿ ಕಿಟಕಿ ಹತ್ತಿರ ಬಿಸಿಲಿಗಿಟ್ಟೆ. ಮೂರು ದಿನಕ್ಕೆ ಹೇಗೆ ಫಳಫಳ ಅಂತಿದೆ!”

ಸೊಸೆಯ ಕೈಲಿದ್ದ ಚಿಮುಟ ಜಾರಿ ಟೇಬಲ್ ಮೇಲೆ ಬಿತ್ತು. ಮಾವ ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಗಾಜು ಕಂಡರೆ ಒರೆಸದೆ ಬಿಡುವ ಜಾತಿಯವರಲ್ಲ. ಹಳೇ ವಿಡಿಯೋ ಗೇಮ್ ಯಂತ್ರಗಳನ್ನು ರಿಪೇರಿ ಮಾಡಲು ಅವಳು ಈ ಅಂಗಡಿ ತೆರೆದಾಗಿನಿಂದ ದಿನಾ ಬಂದು ಕೂತು ಸಣ್ಣಪುಟ್ಟದ್ದನ್ನು ತಿಕ್ಕಿ ಇಡುತ್ತಿದ್ದರು. ಆದರೆ ಗಡಿಯಾರದ ಗಾಜು ಇರುವುದು ನೋಡುವುದಕ್ಕೆ. ಈ ಗಾಜು ಇರುವುದು ಅಳಿಸುವುದಕ್ಕೆ. ಆ ಕಾಲದ ಚಿಪ್‌ನಲ್ಲಿ ಬರೆದದ್ದು ಬೇಡವೆನಿಸಿದರೆ ಗಾಜಿನ ಮೇಲೆ ಕಡು ಬೆಳಕು ಬಿಟ್ಟು ಅಳಿಸುತ್ತಿದ್ದರು. ಬೇಕೆನಿಸಿದರೆ ಚೀಟಿ ಅಂಟಿಸಿ ಮುಚ್ಚಿಡುತ್ತಿದ್ದರು. ಬಿಸಿಲೂ ಬೆಳಕೇ ತಾನೆ? ಅಳಿಸುವುದು ಸ್ವಲ್ಪ ನಿಧಾನ, ಅಷ್ಟೆ.

ಅವಳು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಮಾವನ ಮುಖದಲ್ಲಿ ರಕ್ತವಿರಲಿಲ್ಲ.

“ಇನ್ನೊಂದು ಪ್ರತಿ ಎಲ್ಲಾದ್ರೂ ಇರುತ್ತಲ್ಲಮ್ಮಾ?”

“ಇದ್ದಿದ್ರೆ ನಾನ್ಯಾಕೆ ಹೀಗೆ ಗಾಬರಿ ಬೀಳ್ತಿದ್ದೆ?”

ಇರಲಿಲ್ಲ. ಆಟದಜ್ಜ ಅಂತ ಎಲ್ಲರೂ ಕರೆಯುವ ಆ ಮುದುಕರು ಮೂವತ್ತೈದು ವರ್ಷದ ಹಿಂದೆ ಬರೆದ ಸುರಂಗದ ಆಟ ಅದು. ಒಂದಾದ ಮೇಲೊಂದು ನಾಲ್ಕು ಭಾಗ ಬಂದವು, ಒಂದು ತಲೆಮಾರನ್ನೇ ಹೆದರಿಸಿದವು, ಆಮೇಲೆ ಜನ ಮರೆತರು. ಕಂಪನಿ ಮುಚ್ಚಿದಾಗ ಎಲ್ಲವೂ ಗುಜರಿಗೆ ಹೋಯಿತು. ಈಗ ಹೊಸ ಕಂಪನಿಯೊಂದು ಸರಣಿಗೆ ಮತ್ತೆ ಜೀವ ಕೊಡುತ್ತೇವೆ ಎಂದು ಮುಂದೆ ಬಂದಿತ್ತು. ಮೊದಲ ಭಾಗ ಓಡಿಸಿ ತೋರಿಸಿದರೆ ಮಾತ್ರ. ಅಜ್ಜನ ಮನೆಯಲ್ಲಿ ಉಳಿದಿದ್ದದ್ದು ಒಂದೇ ಯಂತ್ರ, ಅದರೊಳಗೆ ಈ ಒಂದೇ ಚಿಪ್. ನಾಳೆ ಬೆಳಿಗ್ಗೆ ಹತ್ತಕ್ಕೆ ಕಂಪನಿಯವರು ಬರುತ್ತಾರೆ. ಇಂದು ಮೂರು ಗಂಟೆಗೆ ಅಜ್ಜ.

ಆಗಲೇ ಮೂರಕ್ಕೆ ಹತ್ತು ನಿಮಿಷವಿತ್ತು. ಮೂರು ದಿನ ಯಂತ್ರದ ಪರದೆ ಸರಿಮಾಡುವುದರಲ್ಲೇ ಮುಳುಗಿ ಕಿಟಕಿ ಕಡೆ ತಿರುಗಿಯೂ ನೋಡದ ತನ್ನನ್ನು ಮನಸ್ಸಲ್ಲೇ ಬೈದುಕೊಳ್ಳುತ್ತ ಅವಳು ಚಿಪ್ ಅನ್ನು ಅದರ ಜಾಗದಲ್ಲಿ ಕೂರಿಸಿದಳು. ಸ್ವಿಚ್ ಒತ್ತಿದಳು. ಪರದೆ ಬೆಳ್ಳಗಾಯಿತು, ಆಮೇಲೆ ಕಪ್ಪಗಾಯಿತು, ಕಪ್ಪಗೇ ಉಳಿಯಿತು. ಮಾವ ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಕೀರಲು ದನಿಯಲ್ಲಿ ಒಂದು ರಾಗ ಶುರುವಾಗಿ, ಸುರಂಗದ ಬಾಯಿ ಮೂಡಿತು. ಅಬ್ಬಾ! ಅವಳಿಗೆ ಅಳುವೇ ಬಂತು.

“ಬದುಕಿದೆ ಕಣಮ್ಮಾ!” ಎಂದು ಮಾವ ಅವಳ ಭುಜ ಹಿಡಿದು ಅಲ್ಲಾಡಿಸುತ್ತಿದ್ದಾಗಲೇ ಅಜ್ಜ ಒಳಗೆ ಬಂದರು. ಹೇಗಿದ್ದೀರಿ, ಚೆನ್ನಾಗಿದ್ದೀರಾ ಏನೂ ಇಲ್ಲ. ಸೀದಾ ಯಂತ್ರದ ಮುಂದೆ ಕೂತು ಹಿಡಿಕೆ ಹಿಡಿದರು.

“ಏಳು ಹೆಜ್ಜೆ,” ಎಂದರು ನಗುತ್ತ. “ಏಳನೇ ಹೆಜ್ಜೆಗೆ ಬೆನ್ನ ಹಿಂದೆ ಲಾಟೀನು ಹೊತ್ತಿಕೊಳ್ಳುತ್ತೆ. ಕಾವಲುಗಾರ ಬರ್ತಾನೆ. ಆಗ ಎದ್ದು ಬಿದ್ದು ಓಡಬೇಕು.”

ಒಂದು, ಎರಡು, ಮೂರು. ಮಾವನೂ ತುಟಿಯಲ್ಲೇ ಎಣಿಸುತ್ತಿದ್ದರು. ಏಳಾಯಿತು. ಲಾಟೀನು ಹೊತ್ತಲಿಲ್ಲ. ಹತ್ತಾಯಿತು, ಹದಿನೈದಾಯಿತು. ಸುರಂಗ ಖಾಲಿ. ಅಜ್ಜನ ನಗು ಮೆಲ್ಲಗೆ ಇಳಿಯಿತು.

“ಎಲ್ಲಿ ಇವನು?”

ಸೊಸೆ ಹೇಳಲು ಬಾಯಿ ತೆರೆದಳು. ಹಳೇ ಯಂತ್ರ, ಏನೋ ಕೆಟ್ಟಿದೆ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಮಾವನೇ ಮುಂದೆ ಬಂದು ಕೈ ಮುಗಿದರು. “ತಪ್ಪು ನಂದು ಯಜಮಾನ್ರೇ. ಗಾಜು ಕೊಳೆಯಾಗಿದೆ ಅಂತ ಚೀಟಿ ಕಿತ್ತು ಬಿಸಿಲಿಗಿಟ್ಟುಬಿಟ್ಟೆ. ನಿಮ್ಮ ಕಾವಲುಗಾರನ್ನ ನಾನೇ ಕೊಂದೆ. ಬೈದುಬಿಡಿ.”

ಅಜ್ಜ ಬೈಯಲಿಲ್ಲ. ಹಿಡಿಕೆಯನ್ನೂ ಬಿಡಲಿಲ್ಲ. ಇಪ್ಪತ್ತು ಹೆಜ್ಜೆ, ಮೂವತ್ತು ಹೆಜ್ಜೆ. ಅವರ ಹಣೆಯ ಮೇಲೆ ಬೆವರು ಮೂಡಿದ್ದನ್ನು ಅವಳು ನೋಡಿದಳು. ಹೊರಗೆ ರಣಬಿಸಿಲು, ರಸ್ತೆಯಲ್ಲಿ ಬಸ್ಸುಗಳ ಗದ್ದಲ. ಆದರೂ ಅಂಗಡಿಯೊಳಗೆ ಮೂವರ ಉಸಿರು ಕೇಳಿಸುವಂತಿತ್ತು.

“ಅಜ್ಜ, ಆಟ ಪೂರ್ತಿ ಹಾಳಾಗಿಲ್ಲ,” ಎಂದಳು ತಡವರಿಸುತ್ತ. “ಚಿಪ್ ತೆಗೆದು ಓದಿದ್ರೆ ಎಲ್ಲಿ ಅಳಿಸಿದೆ ಅಂತ ಗೊತ್ತಾಗುತ್ತೆ. ನೀವು ಹೇಳಿ, ಇವತ್ತೇ ತಿದ್ದಿ ಕೊಡ್ತೀನಿ.”

“ತಿದ್ದಬೇಡ. ನಾಳೆ ಅವರಿಗೆ ಇದನ್ನೇ ತೋರಿಸೋಣ.” ಅಜ್ಜನ ದನಿ ಒಣಗಿತ್ತು. “ಮೂವತ್ತೈದು ವರ್ಷದಲ್ಲಿ ನನ್ನ ಆಟ ನನಗೆ ಹೆದರಿಕೆ ಹುಟ್ಟಿಸಿದ್ದೇ ಇಲ್ಲ. ಏಳು ಅಂತ ಗೊತ್ತಿತ್ತಲ್ಲ. ಇವತ್ತು ಹೆದರಿಕೆ ಆಗ್ತಿದೆ.”

“ಕಾವಲುಗಾರನೇ ಇಲ್ಲದ ಮೇಲೆ ಹೆದರಿಕೆ ಎಲ್ಲಿಂದ ಬಂತು?” ಎಂದರು ಮಾವ.

“ಯಾರು ಹೇಳಿದ್ದು ಇಲ್ಲ ಅಂತ? ಇಂಥ ಚಿಪ್‌ಗೆ ಬೆಳಕು ಬಿದ್ರೆ ಒಳಗಿನ ಅಂಕಿ ಸೊನ್ನೆ ಆಗಲ್ಲ, ದೊಡ್ಡದಾಗುತ್ತೆ. ಏಳಿದ್ದದ್ದು ಎಪ್ಪತ್ತೊಂದೋ, ನೂರಮೂವತ್ತೈದೋ, ಇನ್ನೂರೈವತ್ತೈದೋ ಆಗಿರುತ್ತೆ.” ಅಜ್ಜ ಇನ್ನೊಂದು ಹೆಜ್ಜೆ ಇಟ್ಟರು. “ಅವನು ಸತ್ತಿಲ್ಲ. ಬರ್ತಾನೆ. ಎಷ್ಟನೇ ಹೆಜ್ಜೆಗೆ ಅಂತ ಮಾತ್ರ ಇನ್ಮೇಲೆ ಯಾರಿಗೂ ಗೊತ್ತಿಲ್ಲ.”

ಮಾವ ನಿಂತಲ್ಲೇ ಹೊರಳಿ, ಬೆನ್ನ ಹಿಂದೆ ತೆರೆದಿದ್ದ ಅಂಗಡಿ ಬಾಗಿಲನ್ನು ನೋಡಿದರು.