ಬೇವಿನ ಗಿಡದ ಕಡೆಯ ದೋಣಿ

“ಯಾವುದು ಬೇಕೋ ಆರಿಸ್ಕೋ ಅತ್ತಿಗಿ. ಎರಡೂ ಒಂದ ಅದಾವ,” ಎಂದ ಕ್ರಾಂತಿಕುಮಾರ್, ಹಿನ್ನೀರನ್ನೇ ದಾನ ಕೊಡುವವನ ಹಾಗೆ ಕೈ ಚಾಚಿ.

ಮೈದುನನ ದನಿ ಕೇಳಿದರೇ ಹುಲುಗಮ್ಮನ ಮೈ ಉರಿಯುತ್ತಿತ್ತು.

ದಡದ ಮೇಲೆ ಎರಡು ದೊಡ್ಡ ಹಾಯಿದೋಣಿಗಳು, ಒಂದು ಬೇವಿನ ಗಿಡದ ಕಡೆಗೆ. ಹಕ್ಕಿ ನೋಡಲು ಬರುವವರನ್ನು ಸುತ್ತಾಡಿಸಲೆಂದು ಅಣ್ಣತಮ್ಮ ಸೇರಿ ಕರಾವಳಿಯಿಂದ ತರಿಸಿದ್ದವು. ಒಳಗೆ ಮಲಗಲು ಜಾಗ, ಒಲೆಗೊಂದು ಮೂಲೆ. ಹೋದ ವರ್ಷ ಒಂದು ದೋಣಿಯಲ್ಲಿ ಒಬ್ಬನೇ ಹೋದ ಅವಳ ಗಂಡ ಗಾದಿಲಿಂಗ ಹೆಣವಾಗಿ ಬಂದ. ಗಾಳಿಗೆ ದೋಣಿ ವಾಲಿ ನೀರಿಗೆ ಬಿದ್ದ, ದೋಣಿಗೆ ಒಂದು ಗೀರೂ ಆಗಿಲ್ಲ ಎಂದು ಕ್ರಾಂತಿ ಪೊಲೀಸರಿಗೆ ಹೇಳಿದ. ತಿಂಗಳೊಳಗೆ ಎರಡಕ್ಕೂ ಒಂದೇ ನೀಲಿ ಬಳಿಸಿದ. ಹಾಯಿ, ಚಾಪೆ, ಹಲಗೆ ಎಲ್ಲ ಹೊಸದು. ಅತ್ತಿಗೆಗೆ ಯಾವುದೆಂದು ಗೊತ್ತಾಗಬಾರದು, ನೋಯಬಾರದು ಎಂದ. ಊರು ಅವನನ್ನು ಹೊಗಳಿತು. ಆಮೇಲೆ ಬೇಲಿ ಹಾಕಿ ಬೀಗ ಜಡಿದ. ಅವಳನ್ನು ಹತ್ತಿರ ಬಿಟ್ಟದ್ದು ಇವತ್ತೇ.

ಇವತ್ತು ಪಾಲು. ಹಿರಿಯ ದುರುಗಣ್ಣ ಎಲೆಅಡಿಕೆ ಹಿಡಿದು ಕೂತಿದ್ದ. ಪಾಲು ಮಾಡಿದವನು ಸುಮ್ಮನಿರಬೇಕು, ಎದುರಿನವರು ಆರಿಸಬೇಕು. ಆರಿಸಿದ್ದರ ಮೇಲೆ ಎಲೆ ಇಟ್ಟರೆ ಮುಗಿಯಿತು. ಅದನ್ನು ಯಾರೂ ತಿರುಗಿಸುವಂತಿಲ್ಲ.

ಹುಲುಗಮ್ಮ ಸೆರಗು ಸಿಕ್ಕಿಸಿ ಒಂದರೊಳಗೆ ಇಳಿದಳು. ಮಂಡಿಯೂರಿ ತಳವನ್ನು ಬೆರಳಗಂಟಿನಿಂದ ಬಡಿಯುತ್ತ ಹೋದಳು. ಮತ್ತೊಂದರಲ್ಲೂ ಹಾಗೆಯೇ. ಎರಡರದೂ ಒಂದೇ ಸದ್ದು. ಉಗುರಿನಿಂದ ಕೆರೆದಳು. ಬಣ್ಣ ಗಟ್ಟಿಯಿತ್ತು.

“ಸಂತ್ಯಾಗ ಗಡಿಗಿ ಬಡದು ನೋಡಿದಂಗ ನೋಡ್ತಾಳ,” ಎಂದು ಯಾರೋ ನಕ್ಕರು.

ಸಿಟ್ಟಿಗೆ ಅವಳ ಕಣ್ಣು ತುಂಬಿದವು. ಬಿಸಿಲು ಏರಿತ್ತು. ಬೇಗ ಮುಗಿಸವ್ವ ಎಂದು ದುರುಗಣ್ಣ ಅವಸರಿಸಿದ.

ಕ್ರಾಂತಿ ಹತ್ತಿರ ಬಂದು ದನಿ ತಗ್ಗಿಸಿದ. “ಬೇವಿನ ಗಿಡದ ಕಡೀದು ಬ್ಯಾಡ ಅತ್ತಿಗಿ. ಅಣ್ಣ ಹೋಗಿದ್ದು ಅದರಾಗ. ಗಂಡನ್ನ ನುಂಗಿದ್ದು ನಿನಗ ಆಗಿಬರಂಗಿಲ್ಲ.”

“ಖರೇನ?”

“ಅಣ್ಣನ ಮ್ಯಾಲ ಆಣಿ.”

“ಆವತ್ತು ಅದಕ್ಕ ಒಂದು ಗೀರೂ ಬಿದ್ದಿರಲಿಲ್ಲಲ್ಲ?”

“ಇಲ್ಲ. ಪಾಪ, ದೋಣಿ ಏನ್ ಮಾಡೀತು?”

ಹುಲುಗಮ್ಮ ಎಲೆಅಡಿಕೆ ಇಸಿದುಕೊಂಡಳು. ನೆಟ್ಟಗೆ ಬೇವಿನ ಗಿಡದ ಕಡೆ ನಡೆದಳು. ಅಲ್ಲಿದ್ದ ದೋಣಿಯ ಮೂತಿಯ ಮೇಲೆ ಎಲೆ ಇಟ್ಟಳು.

“ತಪ್ಪಿ ಇಟ್ಟಾಳ,” ಎಂದ ಕ್ರಾಂತಿ. ಅವನ ದನಿ ಒಡೆದಿತ್ತು. “ಹಿಂದಕ್ಕ ತಗೊಳ್ಳಾಕ ಹೇಳ್ರಿ.”

“ಎಲಿ ಇಟ್ಟಮ್ಯಾಲ ಮುಗೀತು,” ಎಂದ ದುರುಗಣ್ಣ.

ಬಾಡಿಗೆ ಟ್ರ್ಯಾಕ್ಟರ್ ಬಂದು ದೋಣಿಯನ್ನು ಟ್ರೇಲರಿಗೆ ಏರಿಸಿತು. ತಾನೇ ನೀರಿಗಿಳಿಸಿ ಕೊಡುತ್ತೇನೆಂದು ಕ್ರಾಂತಿ ಅಡ್ಡ ನಿಂತ. ಅವಳು ಅವನನ್ನು ದಾಟಿ ಚಾಲಕನಿಗೆ ಹೇಳಿದಳು.

“ನೀರಿಗಲ್ಲ. ಪೊಲೀಸ್ ಠಾಣಿಗೆ ನಡಿ.”

ನಡುನೀರಿನಿಂದ ಗಾದಿಲಿಂಗ ಕೊನೆಯದಾಗಿ ಫೋನು ಮಾಡಿದ್ದು ಅವಳಿಗೆ, ಸಾಕ್ಷಿಯಿಲ್ಲವೆಂದು ಅವಳು ಅದನ್ನು ಇವತ್ತಿನವರೆಗೂ ಯಾರ ಮುಂದೆಯೂ ಆಡಿರಲಿಲ್ಲ: “ಹುಲುಗೀ, ತಳಕ್ಕ ಯಾರೋ ಬೈರಿಗಿ ಹಾಕಿ ತೂತು ಕೊರದಾರ.”