ಕೈಯ ನಾತ

ತವರೂರು ಹೊರ್ತಿಯ ಕುರಿದೊಡ್ಡಿಯ ಉಚ್ಚೆಯ ನಾತ, ಚಿಕ್ಕಂದಿನಲ್ಲಿ ರೇಣುಕಾಳ ಊಟ ಕೆಡಿಸುತ್ತಿದ್ದ ಅದೇ ನಾತ, ಈಗ ಅವಳ ಬೆರಳುಗಳಿಂದಲೇ ಬರುತ್ತಿತ್ತು. ಬೆನ್ನುಹುರಿಯ ಆಪರೇಷನ್ ಆದ ಮೇಲೆ ನಾಯಿ ಮೋತಿಗೆ ತಾನಾಗಿ ಉಚ್ಚೆ ಹೊಯ್ಯಲು ಆಗುತ್ತಿರಲಿಲ್ಲ. ಹೊಟ್ಟೆ ಒತ್ತಿ ತೆಗೆಯದಿದ್ದರೆ ಸಾಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಒತ್ತಿದಳು. ಬಿಸಿ ಉಚ್ಚೆ ಮೊಣಕೈವರೆಗೆ ಸಿಡಿಯಿತು. ಓಕರಿಕೆ ಬಂದು ಮುಖ ತಿರುಗಿಸಿದಳು, ಕೈ ಮಾತ್ರ ತೆಗೆಯಲಿಲ್ಲ.

“ನಿನ್ನಿಯಿಂದ ತುತ್ತ ಬಾಯಿಗಿಟ್ಟಿಲ್ಲ. ನಾಯಿ ಉಳೀತೈತಿ, ನೀ ಸಾಯ್ತಿ ನೋಡ,” ಎಂದಳು ಅತ್ತೆ ಹುಚ್ಚವ್ವ, ಮೂಗಿಗೆ ಸೆರಗು ಹಿಡಿದು.

“ಎಷ್ಟ ತೊಳದ್ರೂ ನಾತ ಹೋಗವಲ್ದರಿ ಅತ್ತಿ. ಈ ಕೈಲೆ ಹೆಂಗ ಉಣ್ಣಲಿ?”

ನೆರೆಮನೆಯ ಸಗೀರಾ ಗೋಡೆಯಾಚೆಯಿಂದ ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಬಂದು, ಮೂಗು ಮುಚ್ಚಿಕೊಳ್ಳದೆ ರೇಣುಕಾಳ ಪಕ್ಕದಲ್ಲಿ ಕೂತು, ಅನ್ನ-ಬ್ಯಾಳಿಯ ತಾಟನ್ನು ಕೊಟ್ಟಳು. ತಾಟಿನಲ್ಲಿ ಒಂದು ಚಮಚೆ ಇಟ್ಟಿದ್ದಳು.