ನಲವತ್ತೊಂದಕ್ಕೆ ಫ್ಲೆಕ್ಸು

ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ಎರಡಾಳೆತ್ತರದ ಫ್ಲೆಕ್ಸು ಎದ್ದು ನಿಂತಿತ್ತು. ‘ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ 41 ಅಂಕ ಗಳಿಸಿ ತೇರ್ಗಡೆಯಾದ ಚಿ. ಪ್ರಕಾಶ್‌ಗೆ ಹಾರ್ದಿಕ ಅಭಿನಂದನೆಗಳು.’ ಅಜ್ಜಂಪುರದ ಬಸ್ಸಿನಿಂದ ಇಳಿದ ಸ್ಫೂರ್ತಿ ಅದನ್ನು ಓದಿ ಬಾಯಿಗೆ ವೇಲು ಅಡ್ಡ ಹಿಡಿದಳು. ಅವಳೂ ಅದೇ ಪರೀಕ್ಷೆ ಬರೆದವಳು. ಅದರಲ್ಲಿ ತೇರ್ಗಡೆ ಎಂಬುದೇ ಇಲ್ಲ.

“ನಗಬ್ಯಾಡ ಕಣೇ,” ಎಂದರು ಅಪ್ಪ ರುದ್ರಮೂರ್ತಿ. “ನಿನ್ ಹಾಸ್ಟೆಲ್ ಸೀಟು ಅವ್ರ ಕೈಲೈತೆ.”

ಅವರೆಂದರೆ ಪ್ರಕಾಶನ ತಂದೆ, ಅಡಿಕೆ ಮಂಡಿಯ ಮಲ್ಲಿಕಾರ್ಜುನಪ್ಪ. ಮೈಸೂರಿನಲ್ಲಿರುವ ಸಮಾಜದ ಹಾಸ್ಟೆಲ್ಲಿಗೆ ಈ ಕಡೆಯ ಮಕ್ಕಳು ಸೇರಬೇಕಾದರೆ ಅವರ ಶಿಫಾರಸು ಬೇಕು. ಹಾಸ್ಟೆಲ್ ಸಿಕ್ಕಿದರೆ ಓದು, ಸಿಗದಿದ್ದರೆ ಬುಕ್ಕಾಂಬುಧಿಯ ಗಂಡು. ಮನೆಯಲ್ಲಿ ಮಾತು ಅಷ್ಟಕ್ಕೇ ಮುಗಿದಿತ್ತು.

ಮಂಡಿಗೆ ಬಂದವರಿಗೆಲ್ಲ ಮೈಸೂರುಪಾಕು ಸಿಗುತ್ತಿತ್ತು. ಪ್ರಕಾಶ ಮಾತ್ರ ಮೂಲೆಯಲ್ಲಿ ಕೂತು ಮೊಬೈಲಿನೊಳಗೆ ಮುಖ ಹುದುಗಿಸಿದ್ದ.

“ಮೂವತ್ತೈದಕ್ಕೆ ಪಾಸು. ನಮ್ಮೋನು ಅದ್ರ ಮೇಲೆ ಆರು ತಗಂಡವ್ನೆ,” ಎಂದು ತಟ್ಟೆ ಮುಂದೆ ತಳ್ಳಿದರು ಮಲ್ಲಿಕಾರ್ಜುನಪ್ಪ. “ನಿಂದೆಷ್ಟವ್ವಾ?”

“ತೊಂಬತ್ತಮೂರು, ದೊಡ್ಡಪ್ಪ.”

“ಅಬ್ಬಬ್ಬಾ! ನೂರಕ್ಕೆ ಏಳೇ ತಪ್ಪು!” ಅವರು ಸಮಾಜದ ಲೆಟರ್‌ಹೆಡ್ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಹೊರಗಿನವರೆದುರು ಸ್ಫೂರ್ತಿ ತುಟಿ ಬಿಚ್ಚುವವಳಲ್ಲ. ಮನಸ್ಸಿನಲ್ಲೇ ಉತ್ತರ ಕೊಟ್ಟು ಸುಮ್ಮನಾಗುವವಳು. ಆದರೆ ತಪ್ಪು ಲೆಕ್ಕ ಕಂಡರೆ ಅವಳಿಗೆ ಅಂಗಾಲಿನಲ್ಲಿ ಮುಳ್ಳು ಮುರಿದಂತಾಗುತ್ತದೆ.

“ಅದು ಅಂಕ ಅಲ್ಲ ದೊಡ್ಡಪ್ಪ, ಪರ್ಸೆಂಟೈಲ್. ನೂರು ಜನ ಬರೆದ್ರೆ ತೊಂಬತ್ತಮೂರು ಜನ ನನ್ನ ಹಿಂದಿದ್ದಾರೆ ಅಂತ ಅರ್ಥ. ಪಾಸು, ಫೇಲು ಅಂತ ಇರಲ್ಲ.”

ಅಪ್ಪ ಬೆಂಚಿನ ಕೆಳಗೆ ಅವಳ ಕಾಲು ತುಳಿದರು. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಮಲ್ಲಿಕಾರ್ಜುನಪ್ಪ ಲಕ್ಷಗಳನ್ನು ಬಾಯಲ್ಲೇ ಕೂಡಿ ಕಳೆಯುವ ಆಸಾಮಿ.

“ಹಂಗಾದ್ರೆ ನಮ್ಮೋನ ಮುಂದೆ ಐವತ್ತೊಂಬತ್ತು ಜನ ನಿಂತವ್ರೆ?”

“ನೂರು ಜನ ಬರೆದಿದ್ರೆ ಅಷ್ಟು ದೊಡ್ಡಪ್ಪ,” ಎಂದಳು ಸ್ಫೂರ್ತಿ, ಪಾಪ, ಸಮಾಧಾನ ಹೇಳುವವಳಂತೆ. “ಬರೆದೋರು ಒಂದು ಲಕ್ಷ.”

ಐವತ್ತೊಂಬತ್ತು ಸಾವಿರ ಜನ ಒಮ್ಮೆಲೇ ಮಂಡಿಯೊಳಕ್ಕೆ ನುಗ್ಗಿದಂತೆ ಮಲ್ಲಿಕಾರ್ಜುನಪ್ಪ ಹಿಂದಕ್ಕೆ ಸರಿದರು.

“ಲೇ ಪ್ರಕಾಶ, ನಿಂಗೆ ಗೊತ್ತಿತ್ತೇನೋ ಇದು?”

“ಪಾಸಾ ಅಂತ ಕೇಳಿದ್ರಿ, ಹ್ಞೂಂ ಅಂದೆ. ಫೇಲಂತೂ ಆಗಿಲ್ವಲ್ಲಪ್ಪ,” ಎಂದ ಅವನು ಮೊಬೈಲಿನಿಂದ ತಲೆಯೆತ್ತದೆ.

ಪೆನ್ನಿನ ಮುಚ್ಚಳ ಟಕ್ಕೆಂದು ಮುಚ್ಚಿಕೊಂಡಿತು. “ಹುಡುಗಿ, ಏನೋ ತಿಳೀದೆ ಅಂದ್ಬಿಟ್ಳು ಅಣ್ಣಾ,” ಎಂದು ಅಪ್ಪ ಅರ್ಧ ಎದ್ದು ಕೈಮುಗಿದರು. ಬುಕ್ಕಾಂಬುಧಿಯ ಬಸ್ಸು ತನ್ನ ಕಾಲ ಬುಡಕ್ಕೇ ಬಂದು ನಿಂತಂತಾಯಿತು ಸ್ಫೂರ್ತಿಗೆ.

ಮಲ್ಲಿಕಾರ್ಜುನಪ್ಪ ಎದ್ದುಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದರು. ಕೂತಾಗ ಅವರ ದನಿ ಬೆಣ್ಣೆಯಾಗಿತ್ತು. “ಇವ್ನನ್ ಬಿಟ್ರೆ ನಮ್ ಕಡೆ ಈ ಲೆಕ್ಕ ಇನ್ಯಾರಿಗ್ ಗೊತ್ತವ್ವಾ?”

“ಸದ್ಯಕ್ಕೆ ನನಗೊಬ್ಬಳಿಗೇ, ದೊಡ್ಡಪ್ಪ.”

ಆ ‘ಸದ್ಯಕ್ಕೆ’ ತನ್ನ ಬಾಯಿಂದಲೇ ಬಂತೇ ಎಂದು ಅವಳೇ ಬೆಚ್ಚಿದಳು. ಅಪ್ಪ ಯಾರದೋ ಮಗಳನ್ನು ನೋಡುವಂತೆ ಅವಳನ್ನು ನೋಡಿದರು.

ಮಲ್ಲಿಕಾರ್ಜುನಪ್ಪ ಲೆಟರ್‌ಹೆಡ್ಡನ್ನು ಮತ್ತೆ ಎಳೆದುಕೊಂಡು, ತಲೆಯೆತ್ತದೆ, ಒಂದೇ ಉಸಿರಿಗೆ ಬರೆದರು: ‘ಈ ಹುಡುಗಿ ನಮ್ಮ ಸಮಾಜದ ಹೆಮ್ಮೆ. ದಯವಿಟ್ಟು ಆದಷ್ಟು ಬೇಗ ಕರೆಸಿಕೊಳ್ಳಿ.’